ಶಾಲೆಯ ಗಂಟೆ ಹೊಡೆದ ಮೇಲಿನ ಹಸಿವು: ಊರಿನವರೇ ಸೇರಿ ಮಕ್ಕಳಿಗೆ ಆಹಾರದ ವ್ಯವಸ್ಥೆ ಮಾಡುವ ಬಗೆ

ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ, ಸೋಮವಾರದ ದಿನ ಎಸರಿಗೆ ಹಾಕುವ ಅಕ್ಕಿಯನ್ನು ಒಂದು ಸೇರು ಹೆಚ್ಚಿಗೆ ಅಳೆಯುತ್ತಾರೆ. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಭಾನುವಾರ ಕಳ್ದು ಬರ್ತಾವಲ್ಲ ಮಕ್ಕಳು, ಎರಡನೇ ಸಲ ತಟ್ಟೆ ಹಿಡ್ಕೊಂಡು ಬಂದೇ ಬರ್ತಾವೆ." ಈ ಮಾರ್ಗದರ್ಶಿ ಹೇಳಬೇಕಾದ ಸಂಗತಿಯೆಲ್ಲ ಆ ಒಂದು ಸೇರು ಅಕ್ಕಿಯಲ್ಲಿದೆ. ಮಗುವಿನ ಹಸಿವಿಗೆ ಗೊತ್ತಾದ ದಿನವಿದೆ, ಗೊತ್ತಾದ ಹೊತ್ತಿದೆ. ಆ ಹೊತ್ತನ್ನು ಗುರುತಿಸಿ, ಅಲ್ಲಿಗೆ ಸಣ್ಣದಾದರೂ ತಪ್ಪದ ಒಂದು ಆಹಾರವನ್ನು ತಲುಪಿಸುವುದು ಒಂದು ಊರಿನ ಕೈಯಲ್ಲಿ ಆಗುವ ಕೆಲಸ.

ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದೆ ಇಡೀ ರಾಜ್ಯಕ್ಕೂ ಪ್ರೌಢಶಾಲೆಗಳಿಗೂ ವಿಸ್ತರಿಸಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದಿತು. ಅನಂತರ ಮೊಟ್ಟೆ ಬಂದಿತು, 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಇವೆಲ್ಲವೂ ಮಕ್ಕಳ ಪಾಲಿಗೆ ದೊಡ್ಡ ಆಸರೆ. ಆದರೆ ಇವೆಲ್ಲವೂ ಶಾಲೆಯ ಬಾಗಿಲು ತೆರೆದಿರುವ ದಿನಗಳಿಗೆ ಸೇರಿದವು. ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೇ ತರಗತಿಗೆ ಕನಿಷ್ಠ 200, ಆರರಿಂದ ಎಂಟನೇ ತರಗತಿಗೆ ಕನಿಷ್ಠ 220 ಕೆಲಸದ ದಿನಗಳನ್ನು ನಿಗದಿ ಮಾಡಿದೆ. ನಮ್ಮ ಶಾಲೆಗಳು ಅದಕ್ಕಿಂತ ಹೆಚ್ಚು ದಿನ ನಡೆದರೂ ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಬಿಸಿಯೂಟದ ಒಲೆ ಉರಿಯುವುದಿಲ್ಲ. ಇನ್ನು ಶಾಲೆಯಿರುವ ದಿನವೂ ಮಧ್ಯಾಹ್ನ ಉಂಡ ಮಗು, ಕೂಲಿಗೆ ಹೋದ ತಾಯಿ ಹಿಂದಿರುಗಿ ಒಲೆ ಹಚ್ಚುವ ರಾತ್ರಿ ಎಂಟರವರೆಗೂ ಬರಿಹೊಟ್ಟೆಯಲ್ಲಿರುವುದು ಅಪರೂಪವಲ್ಲ.

ಮೊದಲ ಹೆಜ್ಜೆ: ಹಸಿವಿನ ಹೊತ್ತನ್ನು ಗುರುತಿಸುವುದು

ದಾನಿಗಳನ್ನು ಹುಡುಕುವುದಕ್ಕೂ ಪಾತ್ರೆ ಕೊಳ್ಳುವುದಕ್ಕೂ ಮೊದಲು ಎರಡು ವಾರ ಸುಮ್ಮನೆ ನೋಡುವ, ಕೇಳುವ ಕೆಲಸ ಮಾಡಬೇಕು. ಮೊದಲು ಮಾತನಾಡಿಸಬೇಕಾದವರು ಬಿಸಿಯೂಟದ ಅಡುಗೆಯವರು. ಯಾವ ಮಗು ಬೆಳಗ್ಗೆ ಹಾಲಿಗಾಗಿ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುತ್ತದೆ, ಯಾವ ಮಗು ಉಳಿದ ಅನ್ನವನ್ನು ಡಬ್ಬಿಗೆ ಹಾಕಿಸಿಕೊಂಡು ತಂಗಿಗೆ ಒಯ್ಯುತ್ತದೆ ಎಂಬುದು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಅದು ಅವರಿಗೆ ಮಾತ್ರ ಗೊತ್ತಿರುತ್ತದೆ. ಅವರ ಬಳಿಕ ತರಗತಿಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಎದುರಿನ ಚಿಲ್ಲರೆ ಅಂಗಡಿಯವರು. ಮಕ್ಕಳು ಐದು ರೂಪಾಯಿಗೆ ಏನು ಕೊಂಡು ತಿನ್ನುತ್ತಾರೆ ಎಂಬುದನ್ನು ಅಂಗಡಿಯವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಮಗುವನ್ನು "ನಿನಗೆ ಹಸಿವಾಗುತ್ತದೆಯೇ" ಎಂದು ಕೇಳಬಾರದು. ಮಗು ಇಲ್ಲ ಎನ್ನುತ್ತದೆ. ಮನೆಯ ಮಾನ ಏನೆಂಬುದು ಎಂಟು ವರ್ಷದ ಮಗುವಿಗೂ ತಿಳಿದಿರುತ್ತದೆ. "ನಿನ್ನೆ ಸಂಜೆ ಶಾಲೆಯಿಂದ ಹೋದಮೇಲೆ ಏನೇನು ಮಾಡಿದೆ" ಎಂದು ಮಾತು ತೆಗೆದರೆ ಆಟ, ದನ ಕಟ್ಟಿದ್ದು, ನೀರು ತಂದದ್ದು ಎಲ್ಲವೂ ಬರುತ್ತದೆ. ಅದರ ನಡುವೆ ತಿಂದದ್ದು ಬಂದರೆ ಬರುತ್ತದೆ, ಬಾರದಿದ್ದರೆ ಅದೂ ಒಂದು ಉತ್ತರವೇ. ಹೀಗೆ ತಿಳಿದದ್ದನ್ನು ಹೆಸರು ಬರೆಯದೆ, ಬರೀ ಹೊತ್ತು ಮತ್ತು ಅಂದಾಜು ಸಂಖ್ಯೆಯಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು: ಬೆಳಗಿನ ಹೊತ್ತು, ಸಂಜೆ ನಾಲ್ಕರಿಂದ ಎಂಟು, ಭಾನುವಾರ, ದಸರಾ ರಜೆ, ಬೇಸಿಗೆ ರಜೆ. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದಂತಹ ಮಳೆಯನ್ನೇ ನಂಬಿದ ಶೇಂಗಾ ಬೆಳೆಯ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ದುಡಿಯುವವರು ಗುಳೆ ಹೋಗಿ, ಮಕ್ಕಳು ಅಜ್ಜಿಯ ಜೊತೆ ಉಳಿಯುವುದುಂಟು; ಅಂತಹ ಮನೆಗಳಲ್ಲಿ ಪಡಿತರದ ಅಕ್ಕಿ ಇದ್ದರೂ ಕಾಳು, ಸೊಪ್ಪು, ಎಣ್ಣೆ ಇರುವುದಿಲ್ಲ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬುದನ್ನು ಇಲ್ಲಿಯೇ ಗಮನಕ್ಕೆ ತಂದುಕೊಳ್ಳಬೇಕು.

ಎರಡನೆಯ ಹೆಜ್ಜೆ: ಜೊತೆಗೂಡುವವರು

ಐದರಿಂದ ಏಳು ಜನರ ಒಂದು ಸಣ್ಣ ಗುಂಪು ಸಾಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ ಒಬ್ಬರು, ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘದಿಂದ ಇಬ್ಬರು, ಒಬ್ಬ ಶಿಕ್ಷಕರು, ಗ್ರಾಮ ಪಂಚಾಯಿತಿಯ ಒಬ್ಬ ಸದಸ್ಯರು, ಹಟ್ಟಿ ಅಥವಾ ತಾಂಡಾದಿಂದ ಒಬ್ಬ ತಾಯಿ. ಕೊನೆಯವರನ್ನು ಬಿಟ್ಟರೆ ಗುಂಪು ಊರಿನ ನಡುವಿನ ಬೀದಿಯಲ್ಲಿಯೇ ಉಳಿದುಬಿಡುತ್ತದೆ.

ನಮ್ಮ ನಾಡಿಗೆ ಇದು ಹೊಸ ವಿಚಾರವಲ್ಲ. ದೂರದ ಊರಿನಿಂದ ಓದಲು ಬಂದ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯವರು ಊಟ ಹಾಕುತ್ತಿದ್ದ ವಾರಾನ್ನದ ಪದ್ಧತಿಯಿಂದ ಒಂದು ತಲೆಮಾರೇ ಓದಿ ಮುಂದೆ ಬಂದಿತು. ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಡುವ ಮುಷ್ಟಿ ಅಕ್ಕಿಯ ರೂಢಿ ಎಷ್ಟೋ ವಿದ್ಯಾರ್ಥಿನಿಲಯಗಳ ಒಲೆಯನ್ನು ಉರಿಸಿದೆ. ದಾಸೋಹವೆಂಬ ಮಾತಂತೂ ಸರ್ಕಾರಿ ಯೋಜನೆಯ ಹೆಸರಿಗೇ ಬಂದು ಸೇರಿದೆ. ಗ್ರಾಮಸಭೆಯಲ್ಲಿ ಈ ಕೆಲಸವನ್ನು ವಿವರಿಸುವಾಗ ಹಿರಿಯರಿಗೆ ಹೊಸ ಯೋಜನೆಗಳ ಹೆಸರಿಗಿಂತ ಈ ಹಳೆಯ ಮಾತುಗಳು ಬೇಗ ನಾಟುತ್ತವೆ.

ಗುಂಪು ಕೂಡಿದ ಮೇಲೆ ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ಶಾಲೆಯ ಜಗುಲಿಯನ್ನೋ ಅಡುಗೆಕೋಣೆಯನ್ನೋ ಬಳಸುವುದಾದರೆ ಸಮಿತಿಯ ಸಭೆಯಲ್ಲಿ ನಿರ್ಣಯವನ್ನೂ ಬರೆಸಬೇಕು. ಬಿಸಿಯೂಟದ ದಾಸ್ತಾನಿನ ಒಂದು ಕಾಳನ್ನೂ ಈ ಕೆಲಸಕ್ಕೆ ಬಳಸಬಾರದು, ಪಾತ್ರೆಗಳನ್ನು ಬಳಸಿದರೂ ಲೆಕ್ಕ ಬೇರೆಯೇ ಇರಬೇಕು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಲಾಭಕ್ಕಾಗಿ ಅಲ್ಲದ ಆಹಾರ ವಿತರಣೆಯನ್ನೂ ತನ್ನ ವ್ಯಾಪ್ತಿಯೊಳಗೆ ಇಟ್ಟುಕೊಂಡಿದೆ. ಆದುದರಿಂದ ನಿಯಮಿತವಾಗಿ ಅಡುಗೆ ಮಾಡಿ ಬಡಿಸುವುದಾದರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಮೊದಲೇ ಕಂಡು ನೋಂದಣಿಯ ವಿಷಯವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಒಂದೇ ಹೊತ್ತನ್ನು ಆರಿಸಿಕೊಳ್ಳುವುದು

ಹೆಚ್ಚಿನ ಪ್ರಯತ್ನಗಳು ಸೋಲುವುದು ಇಲ್ಲಿಯೇ. ನಾವು ಕೆಲವರು ಸೇರಿ ಮೊದಲ ಸಲ ಹೊರಟಾಗ ಸಂಜೆಯ ತಿಂಡಿ, ಭಾನುವಾರದ ಊಟ ಎರಡನ್ನೂ ಒಟ್ಟಿಗೇ ಹಿಡಿದುಕೊಂಡೆವು. ಮೊದಲ ವಾರ ಪಾಯಸವೂ ಆಯಿತು. ಮೂರನೆಯ ವಾರ ರಾಗಿ ಒಕ್ಕಣೆಯ ಕೆಲಸ ಬಂದು ಬಡಿಸಲು ಯಾರೂ ಬರಲಾಗಲಿಲ್ಲ. ಆ ಭಾನುವಾರ ಮಧ್ಯಾಹ್ನ ನಾನು ಶಾಲೆಯ ಮುಂದೆ ಹಾದು ಹೋಗುವಾಗ ಬೀಗ ಹಾಕಿದ ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೂವರು ಮಕ್ಕಳು ತಟ್ಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಅವರು ಯಾವಾಗ ಬಂದಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ. ಊಟ ಸಿಗುತ್ತದೆಂದು ನಂಬಿ ಬಂದ ಮಗುವನ್ನು ಬರಿಗೈಯಲ್ಲಿ ಕಳುಹಿಸುವುದು, ಏನನ್ನೂ ಆರಂಭಿಸದೆ ಇರುವುದಕ್ಕಿಂತ ದೊಡ್ಡ ತಪ್ಪು. ಅಂದಿನಿಂದ ನಾನು ಯಾರಿಗಾದರೂ ಹೇಳುವುದು ಒಂದೇ ಮಾತು: ವರ್ಷವಿಡೀ ತಪ್ಪದೆ ಮಾಡಲಾಗುವ ಅತಿ ಚಿಕ್ಕ ಕೆಲಸ ಯಾವುದೋ ಅದನ್ನೇ ಮೊದಲು ಆರಿಸಿಕೊಳ್ಳಿರಿ.

ಅನುಭವದಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಶಾಲೆ ಬಿಡುವ ಹೊತ್ತಿನ ತಿಂಡಿ. ಮಕ್ಕಳು ಅಲ್ಲಿಯೇ ಇರುತ್ತಾರೆ, ಬೇಯಿಸುವ ಕೆಲಸ ಕಡಿಮೆ, ಹಂಚಲು ಇಬ್ಬರು ಸಾಕು. ಹತ್ತನೇ ತರಗತಿಯ ಮಕ್ಕಳು ವಿಶೇಷ ತರಗತಿಗೆಂದು ಸಂಜೆ ಆರರವರೆಗೆ ಉಳಿಯುವ ಪ್ರೌಢಶಾಲೆಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಮಧ್ಯಾಹ್ನ ಉಂಡ ಮೇಲೆ ಐದು ಗಂಟೆ ಕಾಲ ಏನೂ ತಿನ್ನದ ಮಗುವಿಗೆ ಬೀಜಗಣಿತ ತಲೆಗೆ ಹತ್ತಲಿ ಎನ್ನುವುದು ನ್ಯಾಯವಲ್ಲ. ಭಾನುವಾರದ ಊಟಕ್ಕೆ ಜನಬಲ ಹೆಚ್ಚು ಬೇಕು. ದೂರದ ಹಟ್ಟಿಗಳಿಗೆ ರಜೆಯ ದಿನಗಳಲ್ಲಿ ಕಾಳುಕಡಿಯ ಚೀಲವನ್ನು ಮನೆಗೇ ಮುಟ್ಟಿಸುವುದು ಉತ್ತಮ. ಆ ಚೀಲ ಇಡೀ ಮನೆಯ ಪಾತ್ರೆಗೆ ಹೋಗುತ್ತದೆ, ಮಗುವಿಗೆ ಮಾತ್ರ ಅಲ್ಲ ಎಂಬ ಆಕ್ಷೇಪ ಕೆಲವೊಮ್ಮೆ ಬರುತ್ತದೆ. ಹಾಗೆ ಹೋಗುವುದೇ ಸರಿ, ಆದುದರಿಂದ ಚೀಲವನ್ನು ಮನೆಯ ಜನಸಂಖ್ಯೆ ನೋಡಿ ತುಂಬಬೇಕು.

ನಾಲ್ಕನೆಯ ಹೆಜ್ಜೆ: ಏನು ಕೊಡುವುದು, ಎಷ್ಟು ಕೊಡುವುದು

ನಲವತ್ತು ಮಕ್ಕಳ ಶಾಲೆಯನ್ನು ಲೆಕ್ಕಕ್ಕೆ ಹಿಡಿಯೋಣ. ಸಂಜೆಯ ತಿಂಡಿಗೆ ಎಲ್ಲಕ್ಕಿಂತ ಸರಳವಾದದ್ದು ಹುರಿದ ಶೇಂಗಾ ಮತ್ತು ಬೆಲ್ಲ. ತಲೆಗೆ 30 ಗ್ರಾಂ ಶೇಂಗಾ, 15 ಗ್ರಾಂ ಬೆಲ್ಲದಂತೆ ಒಂದು ಕಿಲೋ ಇನ್ನೂರು ಗ್ರಾಂ ಶೇಂಗಾ, ಆರುನೂರು ಗ್ರಾಂ ಬೆಲ್ಲ ಸಾಕು. ಇದರಿಂದ ಒಂದೊಂದು ಮಗುವಿಗೂ 200ಕ್ಕೂ ಹೆಚ್ಚು ಕ್ಯಾಲೊರಿ, ಸುಮಾರು 7 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಮುಗ್ಗಲು ಹಿಡಿದ, ಕಪ್ಪಾದ, ಕಹಿಯಾದ ಬೀಜವನ್ನು ಹುರಿಯುವ ಮೊದಲೇ ಆರಿಸಿ ಎಸೆಯಬೇಕು. ಬೂಸ್ಟು ಹಿಡಿದ ಶೇಂಗಾದ ವಿಷ ಹುರಿದರೂ ಹೋಗುವುದಿಲ್ಲ. ಎರಡನೆಯ ದಿನಕ್ಕೆ ಹೆಸರುಕಾಳಿನ ಉಸಲಿ: ಅದೇ ಒಂದು ಕಿಲೋ ಇನ್ನೂರು ಗ್ರಾಂ ಕಾಳನ್ನು ಹಿಂದಿನ ರಾತ್ರಿ ನೆನೆಹಾಕಿ, ಬೇಯಿಸಿ, ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿದರೆ ಆಯಿತು. ತೆಂಗಿನತುರಿಯನ್ನು ಬೇಸಿಗೆಯಲ್ಲಿ ಹಾಕದಿರುವುದು ಲೇಸು, ಬೇಗ ಹಳಸುತ್ತದೆ. ಮೂರನೆಯದು ರಾಗಿ ಗಂಜಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳೆಯುವ ಮೂಳೆಗೆ ಇಷ್ಟು ಅಗ್ಗದಲ್ಲಿ ಇದನ್ನು ಕೊಡುವ ಧಾನ್ಯ ನಮ್ಮ ಸೀಮೆಯಲ್ಲಿ ಬೇರೊಂದಿಲ್ಲ. ಒಂದು ಕಿಲೋ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಏಳು ಲೀಟರ್ ಕುದಿಯುವ ನೀರಿಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ಹತ್ತು ನಿಮಿಷ ಕೈಬಿಡದೆ ತಿರುವಿ, ಬೆಲ್ಲ ಹಾಕಿ ಇಳಿಸಬೇಕು.

ಭಾನುವಾರದ ಊಟಕ್ಕೆ ಬಿಸಿಯೂಟದ ಅಳತೆಯನ್ನೇ ಇಟ್ಟುಕೊಳ್ಳಬಹುದು. ಕಿರಿಯ ಪ್ರಾಥಮಿಕ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಿರಿಯ ಪ್ರಾಥಮಿಕ ಮಗುವಿಗೆ ಇದರ ಒಂದೂವರೆ ಪಟ್ಟು. ನಲವತ್ತರಲ್ಲಿ 24 ಕಿರಿಯರು, 16 ಹಿರಿಯರು ಇದ್ದರೆ 4 ಕಿಲೋ 800 ಗ್ರಾಂ ಧಾನ್ಯ, 960 ಗ್ರಾಂ ಬೇಳೆ, 2 ಕಿಲೋ 400 ಗ್ರಾಂ ತರಕಾರಿ, 240 ಗ್ರಾಂ ಎಣ್ಣೆ ಬೇಕಾಗುತ್ತದೆ. ಅನ್ನ ಸಾರು ಆಗಬಹುದು, ರಾಗಿ ಮುದ್ದೆ ಮತ್ತು ಸೊಪ್ಪಿನ ಹುಳಿ ಇನ್ನೂ ಉತ್ತಮ. ನುಗ್ಗೆಸೊಪ್ಪನ್ನು ಊರಿನ ಹಿತ್ತಲಿನಿಂದಲೇ ತರಬಹುದು. ಮೊಟ್ಟೆ ಕೊಡುವುದಾದರೆ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನೋ ಶೇಂಗಾ ಚಿಕ್ಕಿಯನ್ನೋ ಅದೇ ಪಂಕ್ತಿಯಲ್ಲಿ, ಅದೇ ಹೊತ್ತಿಗೆ ಕೊಡಬೇಕು.

ಲೆಕ್ಕದಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿಯಿದೆ. ರಜೆಯ ದಿನ ಮಗು ಒಂಟಿಯಾಗಿ ಬರುವುದಿಲ್ಲ. ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಾರೆ. ಅವರನ್ನು ಮೊದಲ ದಿನದಿಂದಲೇ ಎಣಿಕೆಗೆ ಸೇರಿಸಿ ಐದು ಹತ್ತು ತಲೆ ಹೆಚ್ಚಿಗೆ ಹಾಕಿಕೊಳ್ಳಬೇಕು. ಐದು ವರ್ಷದೊಳಗಿನ ಆ ಚಿಕ್ಕವರಿಗೆ ಇಡೀ ಶೇಂಗಾ ಬೀಜವನ್ನು ಎಂದಿಗೂ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕುಟ್ಟಿ ಪುಡಿ ಮಾಡಿ ಬೆಲ್ಲದ ಜೊತೆ ಕಲಸಿ ಕೊಡಬೇಕು. ಯಾವ ಮಗುವಿಗೆ ಯಾವ ಪದಾರ್ಥ ಮೈಗೆ ಆಗುವುದಿಲ್ಲ ಎಂಬುದನ್ನು ತಾಯಂದಿರಿಂದ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಬಿಸ್ಕತ್ತಿನ ಪೆಟ್ಟಿಗೆ ತಂದುಕೊಡುವ ದಾನಿಗಳು ಬಹಳ. ಅವರಿಗೆ ಕೈಮುಗಿದು, ಅದೇ ಹಣಕ್ಕೆ ಕಾಳನ್ನೋ ಬೆಲ್ಲವನ್ನೋ ಕೊಡಿಸಿರೆಂದು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಐದನೆಯ ಹೆಜ್ಜೆ: ಅಡುಗೆಯ ಎಚ್ಚರ

2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಗೆ ಕೀಟನಾಶಕ ಬೆರೆತಿತ್ತು. ನಮ್ಮ ಹಳ್ಳಿಗಳಲ್ಲಿ ಔಷಧಿ ಹೊಡೆಯುವ ಡಬ್ಬಿಯನ್ನು ತೊಳೆದು ಎಣ್ಣೆಗೋ ನೀರಿಗೋ ಬಳಸುವ ಮನೆಗಳು ಇನ್ನೂ ಇವೆ. ಆದುದರಿಂದ ದಾನವಾಗಿ ಬಂದ ಎಣ್ಣೆಯನ್ನು ಸೀಲು ಒಡೆಯದ ಪೊಟ್ಟಣದಲ್ಲಿ ಮಾತ್ರ ಸ್ವೀಕರಿಸಬೇಕು, ಧಾನ್ಯದ ಚೀಲ ಯಾವ ಕೋಣೆಯಲ್ಲಿ ಇದ್ದಿತ್ತೆಂದು ಕೇಳಬೇಕು, ಗೊಬ್ಬರ ಮತ್ತು ಔಷಧಿ ಇಡುವ ಕೋಣೆಯಿಂದ ಬಂದದ್ದನ್ನು ಎಷ್ಟೇ ಬೇಸರವಾದರೂ ಬೇಡವೆನ್ನಬೇಕು.

ಅಡುಗೆ ಇಳಿದ ಮೇಲೆ ಇಬ್ಬರು ದೊಡ್ಡವರು ಉಂಡು ನೋಡಿ, ಅರ್ಧ ಗಂಟೆ ಕಳೆದ ಬಳಿಕ ಮಕ್ಕಳಿಗೆ ಬಡಿಸಬೇಕು. ಮಾಡಿದ ಪ್ರತಿಯೊಂದು ಪದಾರ್ಥದ ಒಂದು ಬಟ್ಟಲನ್ನು ಮುಚ್ಚಿ ಮಾರನೆಯ ದಿನದವರೆಗೆ ತೆಗೆದಿಡಬೇಕು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಕಾರಣ ಹುಡುಕಲು ಅದು ಬೇಕಾಗುತ್ತದೆ. ಪಾತ್ರೆಗೆ ಮುಚ್ಚಳ, ಕೈತೊಳೆಯಲು ಸಾಬೂನು, ಕುಡಿಯಲು ಕುದಿಸಿ ಆರಿಸಿದ ನೀರು ಇರಲೇಬೇಕು. ಉಳಿದ ಅಡುಗೆಯನ್ನು ಸಂಜೆಗೆಂದು ಇಡಬಾರದು. ಬಿಸಿಯೂಟದ ಅಡುಗೆಯವರನ್ನೇ ರಜೆಯಲ್ಲಿಯೂ ಕರೆಯುವುದಾದರೆ ಅವರ ಶ್ರಮಕ್ಕೆ ಕೂಲಿ ಕೊಡಬೇಕು. ಅವರ ಗೌರವಧನ ಮೊದಲೇ ಕಡಿಮೆ. ಸೇವೆಯ ಹೆಸರಿನಲ್ಲಿ ಅವರ ಭಾನುವಾರವನ್ನೂ ಕಸಿದುಕೊಳ್ಳುವ ಹಕ್ಕು ಊರಿಗಿಲ್ಲ.

ಆರನೆಯ ಹೆಜ್ಜೆ: ಮಗುವಿನ ಮಾನ

ಬಡ ಮಕ್ಕಳನ್ನು ಆರಿಸಿ ಅವರಿಗೆ ಮಾತ್ರ ಕೊಡುವ ಪದ್ಧತಿ ಬೇಡವೇ ಬೇಡ. ಶಾಲೆಯಲ್ಲಿರುವ ಎಲ್ಲ ಮಕ್ಕಳಿಗೂ ಕೊಡಬೇಕು. ಇದರಿಂದ ಖರ್ಚು ಹೆಚ್ಚುತ್ತದೆ ಎಂಬ ಮಾತು ನಿಜ. ಆದರೆ ಪಟ್ಟಿ ಮಾಡಿದ ಊರುಗಳಲ್ಲಿ ನಿಜವಾಗಿಯೂ ಹಸಿದ ಮಗುವೇ ಮೊದಲು ಬರುವುದನ್ನು ನಿಲ್ಲಿಸುತ್ತದೆ. ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂರಬೇಕು, ಅಡುಗೆ ಮಾಡುವ ಸರದಿಯಲ್ಲಿ ಎಲ್ಲ ಕೇರಿಯ ಹೆಣ್ಣುಮಕ್ಕಳೂ ಇರಬೇಕು. ಈ ಮಾತನ್ನು ಮೊದಲ ಸಭೆಯಲ್ಲಿಯೇ ಸ್ಪಷ್ಟವಾಗಿ ಆಡಿ, ಒಪ್ಪದವರ ದಾನವನ್ನು ಬಿಟ್ಟುಕೊಡಲು ಗುಂಪು ಸಿದ್ಧವಿರಬೇಕು.

ಊಟ ಮಾಡುತ್ತಿರುವ ಮಕ್ಕಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದನ್ನು ಕೂಡದೆಂದು ನಿಯಮ ಮಾಡಬೇಕು. ದಾನಿಗಳಿಗೆ ತೋರಿಸಲು ಚಿತ್ರ ಬೇಕೆಂದರೆ ತುಂಬಿದ ಪಾತ್ರೆಯದೋ ಲೆಕ್ಕದ ಪುಸ್ತಕದ್ದೋ ಸಾಕು.

ಏಳನೆಯ ಹೆಜ್ಜೆ: ಹಣ, ಧಾನ್ಯ, ಲೆಕ್ಕ

ತಿಂಡಿಗೆ ತಲೆಗೆ ಹತ್ತು ರೂಪಾಯಿ ಎಂದು ಇಟ್ಟುಕೊಂಡರೆ ನಲವತ್ತು ಮಕ್ಕಳಿಗೆ ದಿನಕ್ಕೆ 400 ರೂಪಾಯಿ. ನಿಮ್ಮ ಊರಿನ ಸಂತೆಯ ದರ ಹಾಕಿ ಈ ಲೆಕ್ಕವನ್ನು ಮೊದಲೇ ವರ್ಷದ ಮಟ್ಟಿಗೆ ಮಾಡಿಕೊಂಡು, ಕನಿಷ್ಠ ಮೂರು ತಿಂಗಳ ಹಣವೋ ಧಾನ್ಯವೋ ಕೈಗೆ ಬಂದ ಮೇಲೆಯೇ ಆರಂಭಿಸಬೇಕು. ಹಳ್ಳಿಯಲ್ಲಿ ಹಣಕ್ಕಿಂತ ಧಾನ್ಯ ಸುಲಭ. ಸುಗ್ಗಿ ಮುಗಿದು ಕಣದಲ್ಲಿ ರಾಶಿಯಾದ ವಾರದಲ್ಲಿಯೇ ಮನೆಮನೆಗೆ ಹೋಗಬೇಕು. ಎರಡು ತಿಂಗಳು ತಡವಾದರೆ ರಾಗಿ ಮಾರಾಟವಾಗಿಯೋ ಸಾಲಕ್ಕೆ ಹೋಗಿಯೋ ಇರುತ್ತದೆ. ಬಂದ ಧಾನ್ಯವನ್ನು ಚೆನ್ನಾಗಿ ಒಣಗಿಸಿ, ಒಣ ಬೇವಿನ ಎಲೆ ಬೆರೆಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಹುಟ್ಟುಹಬ್ಬ, ತಿಥಿ, ಮದುವೆಯ ನೆನಪಿಗೆ ಒಂದು ದಿನದ ಊಟ ಕೊಡುವವರನ್ನು ಸ್ವಾಗತಿಸಬಹುದು, ಕೇಂದ್ರದ ಬಿಸಿಯೂಟದ ಯೋಜನೆಯಾದ ಪಿಎಂ ಪೋಷಣ್ ಕೂಡ ಇದನ್ನು ತಿಥಿ ಭೋಜನ ಎಂಬ ಹೆಸರಿನಲ್ಲಿ ಪ್ರೋತ್ಸಾಹಿಸುತ್ತದೆ. ಆದರೆ ಅಂತಹ ದಿನ ವಿಶೇಷ ಊಟ ಬಂದರೂ ಬಾರದಿದ್ದರೂ ನಿತ್ಯದ ತಿಂಡಿ ಸಿದ್ಧವಿರಬೇಕು.

ಖಾತೆ ಇಬ್ಬರ ಸಹಿಯಿಂದ ನಡೆಯಬೇಕು. ತಿಂಗಳ ಕೊನೆಗೆ ಬಂದದ್ದು, ಖರ್ಚಾದದ್ದು, ಉಳಿದದ್ದು ಮೂರನ್ನೂ ಶಾಲೆಯ ಹೊರಗೋಡೆಯ ಹಲಗೆಯ ಮೇಲೆ ಬರೆಯಬೇಕು.

ಎಂಟನೆಯ ಹೆಜ್ಜೆ: ಬೇಸಿಗೆ ರಜೆ

ಏಪ್ರಿಲ್ 11ರಿಂದ ಮೇ 28ರವರೆಗಿನ ರೂಢಿಯ ಬೇಸಿಗೆ ರಜೆ ನಲವತ್ತೆಂಟು ದಿನದ್ದು, ಮತ್ತು ಬಯಲುಸೀಮೆಯಲ್ಲಿ ಕೂಲಿ ಇಲ್ಲದ ದಿನಗಳೂ ಅವೇ. ಇಲ್ಲಿ ಮೊದಲು ಸರ್ಕಾರದಿಂದ ಬರಬೇಕಾದದ್ದನ್ನು ಕೇಳಿ ಪಡೆಯಬೇಕು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ನೀಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದ ವರ್ಷ, 2024ರ ಬೇಸಿಗೆಯಲ್ಲಿ, ಕರ್ನಾಟಕದಲ್ಲಿ ರಜೆಯ ಬಿಸಿಯೂಟ ನಡೆದಿತ್ತು. ನಿಮ್ಮ ತಾಲ್ಲೂಕು ಬರದ ಪಟ್ಟಿಯಲ್ಲಿದ್ದರೆ ಮಾರ್ಚ್ ಮೊದಲ ವಾರದಲ್ಲಿಯೇ ಶಾಲಾ ಸಮಿತಿಯ ನಿರ್ಣಯದೊಂದಿಗೆ ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಊರಿನವರು ಮಾಡುತ್ತಾರಲ್ಲ ಎಂದು ಸರ್ಕಾರ ಹಿಂದೆ ಸರಿಯಲು ನಾವೇ ಕಾರಣರಾಗಬಾರದು.

ಬರದ ಪಟ್ಟಿಯಲ್ಲಿ ಇಲ್ಲದ ವರ್ಷ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಒಳ್ಳೆಯ ಜಾಗ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಓದು, ಚದುರಂಗ, ಚಿತ್ರ ಬರೆಯುವುದು, ಬಳಿಕ ಊಟ. ಇಂಗ್ಲೆಂಡಿನಲ್ಲಿ 2021ರಿಂದ ಎಲ್ಲ ಸ್ಥಳೀಯ ಆಡಳಿತಗಳ ಮೂಲಕ ನಡೆಯುತ್ತಿರುವ ರಜಾಕಾಲದ ಯೋಜನೆಯೂ ಆಟ ಮತ್ತು ಆಹಾರವನ್ನು ಹೀಗೆಯೇ ಜೋಡಿಸಿದೆ. ಆಟಕ್ಕೆಂದು ಬಂದ ಮಗು ಉಂಡು ಹೋಗುತ್ತದೆ. ಉಣ್ಣುವುದಕ್ಕೇ ಬಂದೆಯಾ ಎಂದು ಯಾರೂ ಕೇಳುವಂತಿಲ್ಲ.

ಫಲಿತಾಂಶ ಹೇಳುವ ಏಪ್ರಿಲ್ 10ರಂದು ತಾಯ್ತಂದೆಯರು ಹೇಗೂ ಶಾಲೆಗೆ ಬಂದಿರುತ್ತಾರೆ. ಅಂದೇ ಎಲ್ಲರ ಮುಂದೆ ಜಾಗ ಮತ್ತು ಹೊತ್ತನ್ನು ತಿಳಿಸಿ, ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಪ್ರತಿಯೊಂದು ಮಗುವೂ ತನ್ನ ತಟ್ಟೆ ಲೋಟ ತರಬೇಕೆಂದೂ, ಮನೆಯಲ್ಲಿರುವ ತಮ್ಮ ತಂಗಿಯರನ್ನು ಜೊತೆಗೆ ಕರೆತರಬೇಕೆಂದೂ ಹೇಳಿ ಕಳುಹಿಸಬೇಕು.